ಷರಾ

ಪಾಳುಮನೆಗಳ ಪುಸ್ತಕ ನನ್ನ ವಶದಲ್ಲಿದೆ,
ಮಂಗಳವಾರ, ಗುರುವಾರ, ಮಧ್ಯಾಹ್ನ ಮಾತ್ರ.
ಉಳಿದ ಹೊತ್ತು ನಾಯಿ ಲೈಸೆನ್ಸು, ಪಾರ್ಕಿಂಗ್ ದಂಡ,
ಸ್ಮಶಾನದ ಗೇಟಿನ ಬೀಗದಕೈ.

ಕಿಲ್‌ಬ್ರ್ಯಾಕನ್ ಪೇಟೆಯಲ್ಲಿ ಹತ್ತೊಂಬತ್ತು ಕಟ್ಟಡ.
ಕಟ್ಟಡದ ಬೆಲೆಯ ಮೇಲೆ ನೂರಕ್ಕೆ ಏಳು, ವರ್ಷ ವರ್ಷ.
ವಸೂಲಾದದ್ದು ಒಂದು. ಅದೂ ಸತ್ತವಳ ಮಗಳು
ಕೆನಡಾದಿಂದ ನಾಚಿಕೊಂಡು ಕಳಿಸಿದ್ದು.

ಸುಂಕದವನ ಮುಂದೆ ಸುಖದುಃಖ ಹೇಳಬೇಡ ಅಂತಾರೆ.
ಇಲ್ಲಿ ಸುಂಕದವನೇ ತೋಡಿಕೊಳ್ಳುತ್ತಾನೆ:
ಮ್ಯಾಲಕಿ ಟಾರ್ಪಿಯ ಜವಳಿ ಅಂಗಡಿಗೆ
ಮೂರು ಸಲ ನೋಟೀಸು ಹಿಡಿದು ಹೋದೆ,
ಮೂರು ಸಲವೂ ಚಹಾ ಕುಡಿದು ಬಂದೆ.
ನನ್ನಪ್ಪನ ಪೆಟ್ಟಿಗೆಗೆ ಎಡಗಡೆಯ ಮುಂದಿನ ಹೆಗಲು
ಅವನದು. ಆ ದಿನ ಮಳೆ ಬೇರೆ,
ಅವನ ಒಳ್ಳೆಯ ಕೋಟು ಹಾಳಾಯಿತು.
ಹೇಗೆ ಕೇಳಲಿ?
ಮಹಡಿಯ ಚಾವಣಿಯಿಂದ ಬರ್ಚ್ ಗಿಡವೊಂದು ತಲೆಹಾಕಿ
ನಮ್ಮಿಬ್ಬರ ಸಂಕೋಚವನ್ನು ನೋಡುತ್ತಿತ್ತು.

ಅಚ್ಚುಕಟ್ಟು ಊರಿನ ಸ್ಪರ್ಧೆ ಬಂದಾಗ
ಪುರಸಭೆ ಅವನ ಒಡಕು ಕಿಟಕಿಗಳಿಗೆ ಪ್ಲೈವುಡ್ ಹೊಡೆಸಿ
ಬಣ್ಣ ಬಳಿಸಿತು: ಲೇಸಿನ ಪರದೆ, ಕುಂಡದಲ್ಲಿ ಹೂವು,
ಹೊಸ್ತಿಲ ಪಕ್ಕದ ಕಿಟಕಿಯಲ್ಲಿ ಒಂದು ಕಂದು ಬೆಕ್ಕು.
ಖರ್ಚು ನಮ್ಮದೇ. ನಾನೇ ಬಿಲ್ಲು ಪಾಸು ಮಾಡಿದೆ.

ವಸೂಲಿ ಯಾರು ಮಾಡಬೇಕೆಂದು ಸಭೆ ಸೇರಿತು.
ಡಬ್ಲಿನ್ನಿನ ಕಂದಾಯದವರಿಗೆ ಕೊಟ್ಟುಬಿಡಿ, ಎಂದಳು
ಕಾನ್ಸೆಪ್ಟಾ ಹ್ಯಾನ್ಲಿ, ಅವರಿಗೆ ಯಾರ ಹೆಗಲ ಋಣವೂ ಇಲ್ಲ.
ದುಡ್ಡು ಅಲ್ಲಿಗೆ ಹೋದರೆ ತಿರುಗಿ ಬಂದೀತೇ,
ನಮ್ಮ ಚರಂಡಿ ಯಾರು ಎತ್ತಿಸುತ್ತಾರೆ, ಎಂದ ಇನ್ನೊಬ್ಬ;
ಟಾರ್ಪಿಯ ಸೋದರಳಿಯ ಅವನು.
ಕ್ರಮಸಂಖ್ಯೆ ಒಂಬತ್ತರ ಮಾತು ಯಾರೂ ಎತ್ತಲಿಲ್ಲ:
ಹಳೆಯ ಅಗ್ನಿಶಾಮಕ ಠಾಣೆ, ಮಾಲೀಕರು ಪುರಸಭೆ.
ಅದಕ್ಕೆ ನಾವೇ ನಮಗೆ ನೋಟೀಸು ಬರೆದು,
ನಾವೇ ಸಹಿ ಹಾಕಿ ಪಡೆದು,
ನಾವೇ ಕಾಲಾವಕಾಶ ಕೇಳಿ
ನಾವೇ ದಯಪಾಲಿಸಿದ್ದೆವು.

ಮುಂದಿನ ಗುರುವಾರ ಕೌಂಟರಿಗೆ ಬಂದಳು ಜೂಸಿಲೇನೆ,
ಮಾಂಸದ ಕಾರ್ಖಾನೆಯ ರಾತ್ರಿ ಪಾಳಿಯವಳು,
ಬ್ರೆಜಿಲಿನವಳು; ಬಿಳಿ ಗಂಬೂಟು ಇನ್ನೂ ಕಾಲಲ್ಲೇ.
ಹೋಟೆಲಿನ ಒಂದು ಕೋಣೆ, ಎರಡು ಮಕ್ಕಳು, ಹದಿನಾಲ್ಕು ತಿಂಗಳು.
ಬಾಡಿಗೆಗೆ ಒಂದು ಮನೆ ನೋಡಿದ್ದೇನೆ, ಎಂದಳು,
ಚೌಕದ ಮೂಲೆಯದು. ಬಾಗಿಲು ಬಡಿದರೆ ತೆರೆಯುವುದಿಲ್ಲ.
ಆದರೆ ಯಾರೋ ಇದ್ದಾರೆ, ಕಿಟಕಿಯಲ್ಲಿ ಬೆಕ್ಕಿದೆ.
ಯಾರನ್ನು ಕೇಳಬೇಕು?

ಕೇಳುವವರನ್ನೇ ನಾವು ಹುಡುಕುತ್ತಿದ್ದೇವೆ
ಎನ್ನಲು ಬಾಯಿ ಬರಲಿಲ್ಲ.
ಪ್ಲೈವುಡ್ ಅದು, ಎಂದೆ. ಬಣ್ಣ.
ಅವಳು ನಗಲಿಲ್ಲ. ಗೊತ್ತಿತ್ತೇನೋ, ದೂರದಿಂದಲ್ಲ,
ಹತ್ತಿರ ಹೋದ ಮೇಲೆ.
ಅವಳ ಕೈಹಿಡಿದ ಹುಡುಗಿ ಮಾತ್ರ
ಊರಿನ ಉಚ್ಚಾರದಲ್ಲೇ, ನನ್ನ ಮಗಳ ಹಾಗೇ ಕೇಳಿತು:
ಹಾಗಾದರೆ ಅದಕ್ಕೆ ಹಾಲು ಹಾಕುವವರು ಯಾರು?

ಈಗ ಪುಸ್ತಕ ಡಬ್ಲಿನ್ನಿಗೆ ಹೊರಟಿದೆ.
ಹಗ್ಗ ಕಟ್ಟುವ ಮುನ್ನ ಕಾಲಂಗಳನ್ನು ಭರ್ತಿ ಮಾಡಿದೆ:
ವಿಳಾಸ, ಬೆಲೆ, ಬಾಕಿ, ಬಡ್ಡಿ.
ಒಂಬತ್ತನೆಯದನ್ನೂ ಕೈ ನಡುಗದೆ ಬರೆದೆ.
ಹನ್ನೊಂದರ ಎದುರು, ಷರಾ ಎಂಬಲ್ಲಿ,
ಬೆಕ್ಕು ಒಂದು, ಎಂದು ಬರೆದು
ಹೊಡೆದುಹಾಕಲು ಪೆನ್ನೆತ್ತಿದೆ.
ಟಪಾಲಿನ ಗಾಡಿ ಬಂತು.
ಹಾಗೇ ಕೊಟ್ಟುಬಿಟ್ಟೆ.