ಎಡ ತಿರುವು

ಲಿಫ್ಟಿನ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಮೇಲೇರುವಾಗ
ಕೆಳಗೆ ನನ್ನದೇ ಜಾಡು.
ರಾತ್ರಿ ಬಿದ್ದ ಹಿಮ, ಇನ್ನೂ ಯಾರೂ ಇಳಿದಿಲ್ಲ,
ತಪ್ಪು ಬೇರೆಯವರ ತಲೆಗೆ ಕಟ್ಟುವಂತಿಲ್ಲ:
ಅಲ್ಲಿ ಗೀಚಿದ್ದೆಲ್ಲ ನಾನೇ.

ಬಲಕ್ಕೆ ಹೊರಳಿದ ಗೆರೆ ಸಣ್ಣ,
ನೂಲು ಹಿಡಿದು ಎಳೆದಂತೆ.
ಎಡಕ್ಕೆ ಹೊರಳಿದಲ್ಲೆಲ್ಲ ಅಗಲ, ರಾಡಿ,
ಮೇಜಿನ ಮೇಲೆ ಚೆಲ್ಲಿದ ಸಾರನ್ನು
ಒದ್ದೆ ಬಟ್ಟೆಯಲ್ಲಿ ಅವಸರಕ್ಕೆ ಒರೆಸಿದ ಹಾಗೆ.
ಎಣಿಸಿದೆ. ಹದಿನಾಲ್ಕು ಎಡ ತಿರುವು.
ಹದಿನಾಲ್ಕೂ ಒರೆಸಿದ್ದೇ.

ಐವತ್ತಾರು ತುಂಬಿತು ನನಗೆ.
ನಾಲ್ಕು ವರ್ಷದವಳಿದ್ದಾಗ ಅಪ್ಪ ಕಾಲಿಗೆ ಹಲಗೆ ಬಿಗಿದು
ಹುಲ್ಲಿನ ಕೊಟ್ಟಿಗೆಯ ಹಿಂದಿನ ಇಳಿಜಾರಿನಲ್ಲಿ
ಬೆನ್ನಿಗೊಂದು ತಳ್ಳು ಕೊಟ್ಟಿದ್ದ. ಪಾಠ ಅಷ್ಟೇ.
ಆಮೇಲೆ ಬಿದ್ದೆ, ಎದ್ದೆ, ಬರುತ್ತದೆ ಅಂದುಕೊಂಡೆ.
ಬೊಹಿನ್ಯ್ ಸರೋವರದ ಈ ಮೇಲ್ಬೆಟ್ಟದಲ್ಲಿ
ಸ್ಕೀ ಬರುತ್ತದೆಯೇ ಎಂದು ಒಬ್ಬರನ್ನು ಕೇಳುವುದು
ಉಸಿರಾಡಲು ಬರುತ್ತದೆಯೇ ಎಂದು ಕೇಳಿದಂತೆ.

ಲಿಫ್ಟು ನಡೆಸುವ ಲೋವ್ರೋ ಅಂದ: ಮೊಣಕಾಲು ಸವೆದಿದೆ.
ಬಾಡಿಗೆ ಅಂಗಡಿಯವನು: ಸ್ಕೀಯ ಅಂಚು ಮೊಂಡು, ಉಜ್ಜಿಸು.
ಉಜ್ಜಿಸಿದೆ. ಹನ್ನೆರಡು ಯೂರೋ ಹೋಯಿತು.
ಎಡ ತಿರುವು ಈಗ ಹರಿತವಾಗಿ ಕೆಟ್ಟಿತು.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ,
ನನಗೆ ಕಂಡಿತು.
ತಂಗಿಯ ಮಗಳು ಆಯ್ದಾ ಹಿಂದೆಯೇ ಇಳಿಯುತ್ತ
ಫೋನಿನಲ್ಲಿ ಹಿಡಿದಳು, ಅಡುಗೆಮನೆಯ ಉಗಿಯಲ್ಲಿ ತೋರಿಸಿದಳು.
ಯಾರೋ ಹೆಂಗಸು, ಅಗಲ ಸೊಂಟ, ನೀಲಿ ಜಾಕೆಟ್ಟು,
ಎಡಕ್ಕೆ ಹೊರಳುವಾಗಲೆಲ್ಲ
ಬಲಗೈ ಮಡಚಿ ಭುಜದ ಮಟ್ಟಕ್ಕೆ ಎತ್ತುತ್ತಾಳೆ,
ಅಂಗೈ ಆಕಾಶಕ್ಕೆ, ಮೈ ಒಳಗಡೆಗೆ ಓರೆ.
ಏನೋ ಚೆಲ್ಲೀತು ಎಂಬಂತೆ.

ಇನ್ನೊಮ್ಮೆ ಹಾಕು ಅಂದೆ.
ಇನ್ನೊಮ್ಮೆ.

ಮೂವತ್ತೊಂದು ಚಳಿಗಾಲ
ಈ ಗುಡ್ಡದ ಊಟದ ಮನೆಯಲ್ಲಿ
ಆರು ಬಟ್ಟಲು ಬಿಸಿ ಯೋತಾ ಸಾರು
ಬಲ ಅಂಗೈಯ ಮೇಲೆ ಹೊತ್ತು,
ಬೂಟುಗಳ, ಕೋಲುಗಳ, ಮಕ್ಕಳ ನಡುವೆ ನುಸುಳಿದ್ದೇನೆ.
ಹೊರಟ ಮೇಲೂ ಕೈ ತಟ್ಟೆಯನ್ನು ಕೆಳಗಿಟ್ಟಿರಲಿಲ್ಲ.

ತಮಾಷೆ ನೋಡಿ:
ಕಿಟಕಿಯಾಚೆ ತರಬೇತುದಾರರು ದಿನವೂ ಮಕ್ಕಳಿಗೆ ಕೂಗುವುದು
ಕೈಯಲ್ಲಿ ತಟ್ಟೆಯಿದೆ ಅಂದುಕೊಳ್ಳಿ ಎಂದು.
ನಾನು ನಗುತ್ತಿದ್ದೆ. ನನಗೆ ಹೇಳಿಕೊಡುತ್ತೀರಾ ತಟ್ಟೆ ಹಿಡಿಯಲು?
ಎರಡೂ ಕೈಯಲ್ಲಿ, ಹೊಟ್ಟೆಯ ಮುಂದೆ, ತಗ್ಗಿಸಿ
ಎಂಬ ಮುಂದಿನ ಮಾತು
ಗಾಜು ದಾಟಿ ಒಳಗೆ ಬಂದಿರಲಿಲ್ಲ.

ಈಗ ಬೆಳಿಗ್ಗೆ ಏಳೂವರೆಗೆ, ಮೊದಲ ಕೇಬಲ್ ಕಾರಿಗೆ ಮುಂಚೆ,
ಕೋಲುಗಳನ್ನು ಕಂಬದ ಬುಡದಲ್ಲಿ ಚುಚ್ಚಿಟ್ಟು
ಬಲಗೈಯನ್ನು ಬಲ ಮೊಣಕಾಲಿನ ಮೇಲೆ ಒತ್ತಿ
ಎಡಕ್ಕೆ ಹೊರಳುತ್ತೇನೆ.
ಹೊರಗಿನ ಕಾಲಿಗೆ ಭಾರ, ಹೊರಗಿನ ಕಾಲಿಗೆ,
ಕಣಿವೆಯ ಕಡೆಗೇ ಬಾಗಬೇಕು, ಅದೇ ಕಷ್ಟ.
ಬೀಳುವ ದಿಕ್ಕಿಗೆ ಮೈ ಕೊಟ್ಟರೇ ಬೀಳುವುದಿಲ್ಲ
ಎಂದು ಹೊಟ್ಟೆಗೆ ತಿಳಿಸಿ ಹೇಳುವುದು ಹೇಗೆ.
ಎಡ ಸ್ಕೀಯನ್ನು ಅಂಗುಲದಷ್ಟು ಎತ್ತುತ್ತೇನೆ,
ಬೀಳುತ್ತೇನೆ, ಕಾಲರಿನೊಳಗೆ ಹಿಮ.
ಲೋವ್ರೋ ತನ್ನ ಗೂಡಿನಿಂದ
ಬೀಡಿ ಕೆಂಡದಷ್ಟು ಸಣ್ಣಗೆ ನೋಡುತ್ತಾನೆ,
ಏನೂ ಅನ್ನುವುದಿಲ್ಲ.

ಎಂಟನೇ ದಿನ ಕುರ್ಚಿಯಿಂದ ಬಗ್ಗಿ ಎಣಿಸಿದೆ.
ಹದಿಮೂರು ಒರೆಸಿದ್ದು.
ಸ್ಪ್ರೂಸ್ ಮರದ ನೆರಳು ಮುಗಿಯುವಲ್ಲಿ
ಒಂದು,
ಒಂದೇ ಒಂದು,
ನೂಲು.
ಲಿಫ್ಟು ನಿಲ್ಲಿಸು ಎಂದು ಕೂಗಿದರೆ
ಲೋವ್ರೋ ನಿಜವಾಗಿಯೂ ನಿಲ್ಲಿಸಿಬಿಟ್ಟ,
ಗಾಳಿಯಲ್ಲಿ ತೂಗುತ್ತ ನೋಡಿದೆ.

ಮಧ್ಯಾಹ್ನ ಸಾರಿನ ತಟ್ಟೆಯನ್ನು
ಮೊದಲ ಸಲ ಎಡಗೈಗೆ ಬದಲಿಸಿದೆ,
ಬಲಭುಜಕ್ಕೆ ಮರೆಯಲು ಬಿಡುವು ಸಿಗಲಿ ಎಂದು.
ಮೂರನೇ ಮೇಜಿನ ಗ್ರಾಜ಼್ ಊರಿನ ದಂತವೈದ್ಯರ
ಬಿಳಿ ಪ್ಯಾಂಟಿನ ಮೇಲೆ ಯೋತಾ, ಹುಳಿ ಎಲೆಕೋಸು ಸಮೇತ.
ಕ್ಷಮಿಸಿ ಅಂದೆ,
ಅಭ್ಯಾಸ ನಡೆಯುತ್ತಿದೆ.