ಕಾರಣ: ಕೆರಿ

ಒಬ್ಬರಿಗೆ ದೋಣಿ ಕೊಡೂದಿಲ್ಲ, ಕಾಯ್ದೆ ಅದ.
ತೂಕ ಒಂದೇ ಕಡಿ ಬಿದ್ರ ಹಂಸ ವಾಲತದ.
ಅದಕ ಬೇಸ್ತವಾರ ಮೂರಕ್ಕ
ಟಿಕೇಟಿನ ಕಿಡಕಿ ಮುಚ್ಚಿ ನಾನೇ ಹತ್ತತೀನಿ
ಲಾಡ್ಲೇಸಾಬರ ಬಾಜೂಕ.

ಲೈಫ್ ಜಾಕೀಟಿನ ಕಿತ್ತಳಿ ಬಣ್ಣ
ಯಾದಗಿರಿ ಬಿಸಲಿಗೆ ಬೆಳ್ಳಗಾಗ್ಯದ.
ಬಕ್ಕಲ್ ಅವರ ಬೆರಳಿಗೆ ಹತ್ತಂಗಿಲ್ಲ, ನಾನು ಹಾಕತೀನಿ.
ಮುಂಗೈ ಮ್ಯಾಲ ಹಳೀ ಸುಟ್ಟ ಕಲಿ ಏಳೋ ಎಂಟೋ,
ಎಣಸೂದ್ರಾಗ ದೋಣಿ ದಂಡಿ ಬಿಟ್ಟಿರತದ.

ಇಪ್ಪತ್ತೆರಡು ವರ್ಷ ವಾಡಿ ಶೆಡ್ಡಿನ ಫೈರ್‌ಮನ್.
ವಾಡಿಯಿಂದ ರಾಯಚೂರಿಗೆ, ಒಂದು ರಾತ್ರಿಗೆ
ಎಷ್ಟು ಸಲಿಕಿ ಕಲ್ಲಿದ್ದಲು, ಇನ್ನೂ ಬಾಯಿಪಾಠ.
ಮೊಮ್ಮಕ್ಕಳ ಹೆಸರು ಮಾತ್ರ ಅದಲುಬದಲು.
"ಉಗಿ ಅಂದ್ರ ಏನಂತ ತಿಳಕೊಂಡೀದಿ ಬೇಟಿ?
ಇದೇ. ಈ ನೀರೇ.
ಮಲಗಿದ ಕೆರಿ ಕೆಳಗ ಬೆಂಕಿ ಹಚ್ಚಿದರ
ಸಿಟ್ಟೀಲೆ ಎದ್ದು
ಶಹಾಬಾದ ಫರಸಿ ತುಂಬಿದ
ನಲವತ್ತು ವ್ಯಾಗನ್ ಎಳೀತಿತ್ತು."

ನಾನು ಬಗ್ಗಿ ನೋಡತೀನಿ.
ಪಾಚಿ, ಚಿಪ್ಸಿನ ಪಾಕೀಟು, ತಲೆಕೆಳಗಾದ ಕ್ವಾಟಿ ಗುಡ್ಡ.
ಸಿಟ್ಟು ಕಾಣಂಗಿಲ್ಲ.
ಬೊಗಸಿಯಾಗ ಎತ್ತಿದರ ಬೆಚ್ಚಗದ, ಅಷ್ಟ.
ಏಪ್ರಿಲ್ ಅಲ್ಲ?

ಇಷ್ಟು ದಿನ ಹಿಡಿಕಿ ನನ್ನ ಕೈಯಾಗ.
ಇವತ್ತ ಯಾಕೋ ಅಂದೆ: ನೀವು ಹಿಡೀರಿ ಕಾಕಾ.
ನಕ್ಕರು. ಅಂಜಿದರು. ಅಂಗೈ ಪೈಜಾಮಕ್ಕ ಒರಸಿಕೊಂಡರು.
ಡ್ರೈವರ್ ಪರೀಕ್ಷಾ ಪಾಸಾದ ವರ್ಷವೇ
ಡೀಸಲ್ ಬಂತಂತ, ಶೆಡ್ಡಿನ ಬೆಂಕಿ ಆರಿಸಿದರಂತ.
ಆಮ್ಯಾಲ ಕೊನೀತನ
ಆಫೀಸಿನ್ಯಾಗ ಫೈಲು ಹೊರೂದು.

ಹಂಸ ಸೀದಾ ಹೋತು.
ಸೀದಾ, ಇನ್ನೂ ಸೀದಾ,
ಜಂಬುಹುಲ್ಲಿನ್ಯಾಗ ಮೂಗು ತೂರಿಸಿ ನಿಂತಿತು.
ತಿರುಗಸ್ರೀ, ತಿರುಗಸ್ರೀ ಅಂತ ನಾ ಒದರೂದು,
ಅವರು ಗಂಭೀರ:
"ತಿರುಗಸೂದು ನಾ ಎಲ್ಲಿ ಕಲ್ತೀನಿ?
ಇಂಜಿನ್ನಿಗೆ ಸ್ಟೇರಿಂಗ್ ಇರೂದಿಲ್ಲ ಬೇಟಿ.
ಹಳಿ ಹೋದಕಡಿ ಹೋಗೂದು."

ಆ ಕಡಿ ಉದ್ಯಾನ ಎಕ್ಸ್‌ಪ್ರೆಸ್ ಸೀಟಿ ಹೊಡೀತು.
ಈ ಕಡಿ ದಂಡಿ ಮ್ಯಾಲಿನ ಭೀಮಶಾ
ಅರ್ಧಾ ತಾಸು ಆತಂತ ಪೀಪಿ ಊದಿದ.
ಎರಡಕ್ಕೂ ಹೊಳ್ಳಿ ನೋಡಲಿಲ್ಲ ಲಾಡ್ಲೇಸಾಬರು.
ಸಿಕ್ಕೊಂಡ ಹಂಸದ ಪ್ಲಾಸ್ಟಿಕ್ ಕುತ್ತಿಗಿ ಸವರಿ,
ಗಡಿಯಾರ ಇಲ್ಲದ ಮಣಿಕಟ್ಟು ನೋಡಿಕೊಂಡು ಕೇಳಿದರು:
"ಎಷ್ಟು ಲೇಟು?"

ಹನ್ನೊಂದು ನಿಮಿಷ, ಅಂದೆ.

"ಬರಕೋ. ಕಾರಣ: ಕೆರಿ."