ಒಂದು, ಎರಡು

ಆಲ್ದೂರಿನ ಅಂಚೆ ಕಚೇರಿಯಲ್ಲಿ ನನ್ನ ಮೊದಲ ಕೆಲಸ
ನಿನ್ನೆಯನ್ನು ಕೀಳುವುದು.
ಚಿಮಟದಲ್ಲಿ ಮೂವತ್ತೊಂದನ್ನು ಎತ್ತಿ ಡಬ್ಬಿಗೆ ಹಾಕಿ
ಮುದ್ರೆಯ ಹೊಟ್ಟೆಗೆ ಉಕ್ಕಿನ ಪುಟ್ಟ ಒಂದನ್ನು ಕೂರಿಸುತ್ತೇನೆ,
ಪಕ್ಕಕ್ಕೆ ಎರಡು. ಫೆಬ್ರವರಿ.
ಎದುರು ಕಣದಲ್ಲಿ ರೊಬಸ್ಟಾ ಹರಡುವ ಸದ್ದು,
ಒಳಗೆಲ್ಲ ಹುಳಿ ಸಿಪ್ಪೆಯ ವಾಸನೆ.
ದಿನದ ಮೊದಲ ಅಚ್ಚು ಮುದ್ರೆ ಪುಸ್ತಕಕ್ಕೆ. ನಿಯಮ.

ವರ್ಷದ ಅಂಕಿ ಹೊಸದು.
ಈ ಒಂದು, ಈ ಎರಡು ಹಳೆಯವು,
ಪ್ರತಿ ಸಲ ಇವೇ ಬಂದು ಕೂರುತ್ತವೆ
ಯಾವ ವರ್ಷ ಎಂದು ಕೇಳದೆ.

ಆರ್.ಡಿ. ಕಟ್ಟಲು ಬಂದ ರೈಟರ್ ಸಿಲ್ವೆಸ್ಟರ್ ಪಿಂಟೊ
ಒಮ್ಮೆ ಲೆಕ್ಕದ ಪುಸ್ತಕದಿಂದ ಒಂದು ಸ್ಟಾಂಪು ತೆಗೆದಿಟ್ಟರು,
ಬಾಲ್ಟಿಮೋರಿನ ಮಠದಿಂದ ತಂಗಿ ಬರೆದ ಕಾಗದದ್ದು.
ಒಂದು ಮುಖ, ಕೆಳಗೊಂದು ಗಾಡಿ, ಗಾಡಿಯಲ್ಲಿ ಜನ.
"ಕರಿ ಹೆಂಗಸು ನೋಡಮ್ಮ" ಅಂದರು.
ಕರಿ ಅಂದರೆ ನನಗೆ ಮೊದಲು ಹೊಳೆಯುವುದು ತಾತ.
ಅವನ ಹೆಸರೇ ಕರಿಯ.

ಅವಳು ಓಡಿಹೋದಾಗ
ಹಿಡಿದುಕೊಟ್ಟವರಿಗೆ ಇಷ್ಟು ಡಾಲರ್ ಎಂದು ಪತ್ರಿಕೆಗೆ ಹಾಕಿದ್ದರಂತೆ.
ಮತ್ತೆ ಬಂದಳಂತೆ. ಮತ್ತೆ ಮತ್ತೆ, ರಾತ್ರಿಗಳಲ್ಲಿ,
ಉಳಿದವರನ್ನು ಕರೆದೊಯ್ಯಲು.
ನೂರಿಪ್ಪತ್ತೆಂಟು ವರ್ಷ ಕಳೆದು ಅದೇ ದೇಶ
ಅವಳ ಮುಖ ಅಚ್ಚು ಹಾಕಿಸಿತು. ಬೆಲೆ ಹದಿಮೂರು ಸೆಂಟು.
ಬಿಡುಗಡೆ: ಫೆಬ್ರವರಿ ಒಂದು.
ಸ್ಟಾಂಪಿಗೂ ನಾವು ಬಿಡುಗಡೆ ಎಂದೇ ಹೇಳುವುದು,
ಇಲಾಖೆಯ ಭಾಷೆ.
ಅಲ್ಲಿನ ಯಾವಳೋ ನನ್ನಂಥವಳು
ಆ ಮುಖದ ಮೇಲೆ ಮೊದಲ ಸಲ ಮುದ್ರೆ ಎತ್ತಿದಾಗ
ಕೈ ಒಂಚೂರು ಪಕ್ಕಕ್ಕೆ ಸರಿಯಿತೋ ಏನೋ.

ಆಮೇಲೆ ನಾನೇ ಮೊಬೈಲಿನಲ್ಲಿ ಕೆದಕಿದೆ.
ಅರವತ್ತನೇ ಇಸವಿ, ಅದೇ ತಾರೀಖು.
ನಾಲ್ವರು ಕಾಲೇಜು ಹುಡುಗರು
ಅಂಗಡಿಯ ಒಂದು ಕಡೆ ಟೂತ್‌ಪೇಸ್ಟ್ ಕೊಂಡು
ರಸೀದಿ ಇಟ್ಟುಕೊಂಡು
ಇನ್ನೊಂದು ಕಡೆ, ಬಿಳಿಯರ ಸ್ಟೂಲಿನ ಮೇಲೆ ಕೂತರು.
ಕೇಳಿದ್ದು ಕಾಫಿ.
ಆ ಪದವನ್ನು ಎರಡು ಸಲ ಓದಿದೆ.
ಕೊಡಲಿಲ್ಲ ಅವರು. ಏಳಲಿಲ್ಲ ಇವರು. ಅಂಗಡಿ ಮುಚ್ಚುವ ತನಕ.
ಮಾರನೇ ದಿನ ಇನ್ನಷ್ಟು ಜನ.

ತಾತನ ಚಿಪ್ಪು ಹೋಟೆಲಿನ ಬೇಲಿಸಂದಿಯಲ್ಲಿ ಇರುತ್ತಿತ್ತಂತೆ.
ತೊಳೆದು ಹಿಡಿದರೆ ಮೇಲಿಂದ ಹುಯ್ಯುವರು,
ಅವನೇ ಕುಯ್ದದ್ದನ್ನು, ಅವನೇ ಹೊತ್ತದ್ದನ್ನು.
ಒಂದು ದಿನ ಚಿಪ್ಪು ಮುಟ್ಟದೆ ಒಳಗೆ ಹೋಗಿ
ಬೆಂಚಿನ ಮೇಲೆ ಕೂತ.
"ಯಾವತ್ತವ್ವ?"
"ಕಣದಲ್ಲಿ ಕಾಫಿ ಒಣಗ್ತಿತ್ತು ಕಣೆ.
ನಿಮ್ ಸಣ್ಣೀರ ಮಾವ ಇನ್ನೂ ತೆವಳ್ತಿದ್ದ."
ಡಿಸೆಂಬರೂ ಇರಬಹುದು, ಮಾರ್ಚೂ ಇರಬಹುದು.
"ಹೊಡೆದ್ರಾ?"
"ಹೊಡೀದೆ ಬಿಡ್ತಾರಾ."
ಕಾಫಿ ಕೊಟ್ಟರಾ ಎಂಬುದು ಅವ್ವನಿಗೆ ನೆನಪಿಲ್ಲ.

ಆ ಹುಡುಗರು ಕೂರುವ ತೊಂಬತ್ತೈದು ವರ್ಷ ಮೊದಲು, ಇದೇ ದಿನ,
ಗುಲಾಮಗಿರಿ ಇನ್ನಿಲ್ಲ ಎಂಬ ಕಾಗದಕ್ಕೆ
ಅಲ್ಲಿನ ಅಧ್ಯಕ್ಷ ಸಹಿ ಹಾಕಿದ.
ಕಾನೂನಿಗೆ ಆ ಸಹಿ ಬೇಕಿರಲಿಲ್ಲ. ಹಾಕಿದ.
ಕಾಗದ ರಾಜ್ಯ ರಾಜ್ಯ ಸುತ್ತಿ ಒಪ್ಪಿಗೆ ಪಡೆಯುವ ಹೊತ್ತಿಗೆ ಡಿಸೆಂಬರ್,
ಸಹಿ ಹಾಕಿದ ಕೈ ಆಗಲೇ ಮಣ್ಣಾಗಿತ್ತು.
ಬಟವಾಡೆ ತಡವಾಗುವುದು ನಮಗೇನು ಹೊಸತಲ್ಲ.

ಒಂದು ಫೆಬ್ರವರಿ ನನಗೇ ಗೊತ್ತು.
ಎರಡು ಸಾವಿರದ ಮೂರು, ಚಿಕ್ಕಮಗಳೂರಿನ ಹಾಸ್ಟೆಲು,
ಸಂಜೆಯ ಟಿವಿಯಲ್ಲಿ ಆಕಾಶ ಬಿರಿದು ಉದುರಿತು.
ನಮ್ಮವಳು, ನಮ್ಮವಳು ಎಂದು ಅತ್ತೆವು,
ಸಾರು ಆರಿಹೋಯಿತು.
ಅದೇ ನೌಕೆಯಲ್ಲಿ ಒಬ್ಬ ಕಪ್ಪು ವಿಜ್ಞಾನಿಯೂ ಉರಿದುಹೋದ,
ಹೆಸರು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು.
ನಮ್ಮವನು ಅನ್ನಲು ಆವತ್ತು ನಮಗೆ ಗೊತ್ತಿರಲಿಲ್ಲ.

ಒಂಬತ್ತಾಯಿತು. ಕಿಟಕಿಯಾಚೆ ಯಾರೋ ಕೆಮ್ಮುತ್ತಿದ್ದಾರೆ.
ಮುದ್ರೆ ಪುಸ್ತಕದಲ್ಲಿ ಇಂದಿನ ಅಚ್ಚಿನ ಪಕ್ಕ
ಇನ್ನೊಂದು ಅಚ್ಚು ಒತ್ತುತ್ತೇನೆ. ನಿಯಮದಲ್ಲಿ ಇಲ್ಲ.
ಇನ್ಸ್‌ಪೆಕ್ಟರ್ ಕೇಳಿದರೆ
ಮೊದಲನೆಯದು ಸರಿ ಬಿದ್ದಿರಲಿಲ್ಲ ಎನ್ನುತ್ತೇನೆ.
ನಿಜ ಹೇಳಬೇಕೆಂದರೆ ಕೆಟ್ಟದ್ದು ಎರಡನೆಯದೇ.
ಮಸಿ ಹೆಚ್ಚಾಗಿ,
ಒಂದು ಕಾಣುತ್ತದೆ, ಎರಡು ಕಾಣುತ್ತದೆ,
ವರ್ಷದ ಜಾಗ ಬರೀ ಕರಿ.